ಕೈಗೆ ಕೊಟ್ಟರೆ ಅವಮಾನ

ಕಾದ ಕಾವಲಿ ಜಾರಿ ಪುಷ್ಪಮ್ಮನ ಅಂಗೈ ಬೊಬ್ಬೆ ಎದ್ದಿತ್ತು.

"ಎಂತ ಆಗ್ತದೆ? ಅರಿಶಿಣ ಹಚ್ಚು. ಫಾರಿನ್‌ನವ್ರು ಕೂತಿದಾರೆ, ರೊಟ್ಟಿ ಕಳ್ಸು" ಎಂದ ಗಿರಿಧರ. ಹುಲಿಕಲ್ ಘಾಟಿಯ ಆ ಹೋಂಸ್ಟೇ ಅವನದು. ಸುಟ್ಟದ್ದು ಅವನ ಕೈಯಲ್ಲವಲ್ಲ! ಪುಷ್ಪಮ್ಮ ಬಟ್ಟೆ ಸುತ್ತಿಕೊಂಡು ಅದೇ ಕೈಯಲ್ಲಿ ರೊಟ್ಟಿ ತಟ್ಟಿದಳು.

ಊಟ ಮುಗಿಸಿದ ವಿದೇಶದ ಮುದುಕಿಯೊಬ್ಬಳು ಅಡುಗೆಮನೆಗೇ ಬಂದಳು. ಆ ಕೈ ನೋಡಿ ಗಾಬರಿಯಾಗಿ ಪರ್ಸ್ ತೆಗೆದಳು. ಬಡಿಸುವ ಕಾಂತರಾಜನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ತಮ್ಮೂರಲ್ಲಿ ಟಿಪ್ಸ್ ಕೊಡದಿದ್ದರೆ ತಪ್ಪು, ಇಲ್ಲಿಯ ಪದ್ಧತಿ ಏನು, ಈಕೆಯ ಕೈಗೇ ಕೊಡಬಹುದೇ, ಡಾಕ್ಟರಿಗೆ ತೋರಿಸಿಕೊಳ್ಳಲಿ ಎಂದು ಅವನನ್ನು ಕೇಳಿದಳು.

ಬಾಗಿಲಲ್ಲಿ ಗಿರಿಧರ ನಿಂತಿದ್ದ. ಅವನು ಕಲಿಸಿದ ಗಿಣಿಪಾಠವನ್ನೇ ಕಾಂತರಾಜ ಒಪ್ಪಿಸಿದ. ನಮ್ಮಲ್ಲಿ ಕೈಗೆ ದುಡ್ಡು ಕೊಟ್ಟರೆ ಅವಮಾನ; ಟಿಪ್ಸ್ ಡಬ್ಬಿಗೆ ಹಾಕಿ, ಎಲ್ಲರೂ ಹಂಚಿಕೊಳ್ಳುತ್ತೇವೆ. ಡಬ್ಬಿಯ ಬೀಗದ ಕೈ ಇದ್ದದ್ದು ಗಿರಿಧರನ ಉಡಿದಾರದಲ್ಲಿ. ಹಂಚಿದ್ದನ್ನು ಕಂಡವರಿಲ್ಲ.

ಮುದುಕಿಯ ಮುಖ ಕೆಂಪಾಯಿತು. ಪುಷ್ಪಮ್ಮನಿಗೆ ಕೈಮುಗಿದು, ದುಡ್ಡನ್ನು ಡಬ್ಬಿಗೆ ಹಾಕಿ ಹೋದಳು.

"ಎಂತ ಅಂದ್ರೋ ಅವ್ರು?"

"ರೊಟ್ಟಿ ಚೆನಾಗಿತ್ತಂತೆ ಪುಷ್ಪಕ್ಕ."

"ನಂಗೆ ಕೈ ಮುಗುದ್ರಲ್ಲೋ ಪಾಪ! ನಾಳೆ ಪತ್ರೊಡೆ ಮಾಡಿ ಹಾಕ್ತೀನಿ."

ಆ ರಾತ್ರಿ ಕಾಂತರಾಜ ಅರ್ಧ ಊಟಕ್ಕೇ ಎದ್ದ. ಪುಷ್ಪಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಬೆಳಗ್ಗೆ ಕೈ ಬಾತುಕೊಂಡಿತ್ತು. ಹೊಸನಗರದ ಆಸ್ಪತ್ರೆಗೆ ಹೋಗಲು ಪುಷ್ಪಮ್ಮ ದುಡ್ಡು ಕೇಳಿದಳು. "ವಾಸಿ ಆಗೋವರೆಗೆ ಬರ್ಬೇಡ, ಬೇರೆಯವ್ರನ್ನ ನೋಡ್ತೀನಿ" ಎಂದ ಗಿರಿಧರ.

ಕಾರು ಹತ್ತಲು ಹೊರಟ ಮುದುಕಿ ಅಂಗಳದಲ್ಲಿದ್ದ ಪುಷ್ಪಮ್ಮನನ್ನು ತೋರಿಸಿ ಕಾಂತರಾಜನಿಗೆ, ನಿನ್ನೆ ಅವಮಾನ ಮಾಡಿದೆ, ಕ್ಷಮಿಸು ಅಂತ ಈಕೆಗೆ ಹೇಳು ಎಂದಳು. ಅವನಿಗೆ ಇನ್ನು ತಡೆಯಲಾಗಲಿಲ್ಲ.

"ಪುಷ್ಪಕ್ಕಾ, ಅವ್ರು ನಿನ್ನೆ ನಿನ್ ಕೈಗೇ ಕೊಡಕ್ಕೆ ಬಂದಿದ್ರು. ಕೊಟ್ರೆ ನಿಂಗೆ ಅವಮಾನ ಅಂತ ನಾನೇ ಸುಳ್ಳು ಹೇಳ್ದೆ. ಕೆಲ್ಸ ಹೋಗ್ತದೆ ಅಂತ ಹೆದ್ರಿದೆ." ಇಂಗ್ಲಿಷಿನಲ್ಲೂ ಅದನ್ನೇ ಹೇಳಿದ.

"ನಿಂಗೂ ಇವತ್ತಿಂದ ಕೆಲ್ಸ ಇಲ್ಲ!" ಗಿರಿಧರ ಕೂಗಿದ.

ಮುದುಕಿ ಮತ್ತೆ ಪರ್ಸಿಗೆ ಕೈಹಾಕಿದಳು. ಪುಷ್ಪಮ್ಮ ತಡೆದಳು. "ಬೇಡ ಅನ್ನೋ ಅವ್ರಿಗೆ. ನಿನ್ನೆನೇ ಕೊಟ್ಟಾಗಿದೆ."

ಒಳಗಿನಿಂದ ಡಬ್ಬಿ ತಂದು ಗಿರಿಧರನ ಮುಂದೆ ಕುಕ್ಕಿದಳು. ಸುಟ್ಟ ಕೈ ಚಾಚಿದಳು.

"ಬೀಗ ತೆಗೀರಿ ಒಡೆಯಾ. ಎಲ್ಲರೆದುರಿಗೆ ಈ ಕೈಗೇ ಇಡಿ. ಯಾರಿಗೆ ಅವಮಾನ ಆಗ್ತದೆ ನೋಡಣ."

ಪಾತ್ರೆ ತೊಳೆಯುವವರು, ಕಸ ಗುಡಿಸುವವರು ಬಂದು ಅವಳ ಪಕ್ಕ ನಿಂತರು. ಕಾಂತರಾಜನೂ ಹೋದ. ಪುಷ್ಪಮ್ಮ ಅವನನ್ನು ನೋಡಿದಳು.

"ನೀನು ಇಂಗ್ಲಿಷ್ ಕಲ್ತಿದ್ದು ಇದಕ್ಕೇನೋ ತಮ್ಮಾ?"

ಅವಳ ಕೈ ಇನ್ನೂ ಚಾಚಿಯೇ ಇತ್ತು. ಕಾಂತರಾಜ ತಲೆ ತಗ್ಗಿಸಿ, ಎಲ್ಲರಿಗಿಂತ ಹಿಂದೆ ಹೋಗಿ ನಿಂತ.