ಬಿಳಿ ಗಾರೆಯ ಹಿಂದೆ

ಮಾಸ್ ನದಿಯ ದಂಡೆಯ ಒಂದು ಪಾಳು ಕೋಟೆಗೆ ಬರುವ ಶಾಲಾ ಮಕ್ಕಳನ್ನು ತ್ರೂಸ್ ಎಂಬ ಅಜ್ಜಿ ವರ್ಷಗಳಿಂದ ನೆಲಮಾಳಿಗೆಗೆ ಕರೆದೊಯ್ದು, "ಈ ಗೋಡೆ ಮುಟ್ಟಿ. ಇದು ರೋಮನ್ನರು ಕಟ್ಟಿದ್ದು" ಎನ್ನುತ್ತಿದ್ದರು. ನದಿ ಕಾಯಲು ಅವರು ಕಟ್ಟಿ ಬಿಟ್ಟುಹೋದ ಗೋಡೆಯ ಮೇಲೆ, ಸಾವಿರ ವರ್ಷ ಕಳೆದು ಒಬ್ಬ ಪಾಳೆಯಗಾರ ಕೋಟೆ ಎಬ್ಬಿಸಿದ. ಫಿರಂಗಿಗಳು ಅದನ್ನು ಕೆಡವಿದವು. ಉಳಿದ ಇಟ್ಟಿಗೆಯನ್ನು ಊರವರು ದನದ ಕೊಟ್ಟಿಗೆಗೆ ಸಾಗಿಸಿದರು. ಕೊಟ್ಟಿಗೆಯ ಮಾತು ಬಂದಾಗ ಮಕ್ಕಳು ನಗುತ್ತಿದ್ದರು. ಅಂಥ ಕೊಟ್ಟಿಗೆ ಅವರಲ್ಲಿ ಹಲವರ ಮನೆಯ ಹಿಂದೆಯೇ ಇತ್ತು.

ಹೋದ ವರ್ಷ ಒಂದು ಪ್ರಯೋಗಾಲಯ ಆ ಗೋಡೆಯ ಗಾರೆ ಪರೀಕ್ಷಿಸಿ, ಅದೂ ಕೋಟೆಯ ಕಾಲದ್ದೇ ಎಂದು ವರದಿ ಕೊಟ್ಟಿತು. "ಇಷ್ಟು ಮಕ್ಕಳಿಗೆ ಸುಳ್ಳು ಹೇಳಿದೆನಲ್ಲ" ಎಂದು ತ್ರೂಸ್ ಕೋಟೆ ತೋರಿಸುವ ಕೆಲಸವನ್ನೇ ಬಿಟ್ಟರು. ಅವರಿಲ್ಲದೆ ಕಳೆಗುಂದಿದ್ದ, ಕೋಟೆಯನ್ನು ನೋಡಿಕೊಳ್ಳುವ ಸಂಘ, ಐಂಡ್‌ಹೋವನ್‌ನಲ್ಲಿ ಕಟ್ಟಡ ಸಾಮಗ್ರಿಗಳ ಸಂಶೋಧನೆ ಮಾಡುವ ನನ್ನನ್ನು ಇನ್ನೊಮ್ಮೆ ನೋಡಲು ಕೇಳಿಕೊಂಡಿತು.

ಅನುಮತಿ ಪಡೆದು, ಸಹೋದ್ಯೋಗಿ ಸಿದ್ಧಾರೂಢನ ಜೊತೆ ಒಂದು ಬೆಳಿಗ್ಗೆ ಹೋದೆ. ಬಾಗಿಲು ತೆರೆದವರು ತ್ರೂಸ್. "ಕೀಲಿ ಕೊಡಲು ಬಂದೆ, ಅಷ್ಟೆ" ಎಂದವರು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತೇಬಿಟ್ಟರು.

"ಅಕ್ಕಾ, ಆ ಲ್ಯಾಬಿನವರ ತೂತು ನೋಡ್ರಿ" ಎಂದ ಬಾಗಲಕೋಟೆಯ ಸಿದ್ಧಾರೂಢ. "ಬೆರಳ ತುದಿಯಷ್ಟ ಕೊರದಾರ. ಗೋಡಿ ಕಚ್ಚತೈತೇನು ಅವರಿಗೆ?"

"ಹಳೇ ಗೋಡೆ ಕಣೋ, ಭಯ ಇರತ್ತೆ. ಆದ್ರೆ ಹೊರಗಿನ ಗಾರೆ ಆಮೇಲೆ ಮೆತ್ತಿದ್ದಿರಬಹುದಲ್ವಾ? ಇನ್ನೂ ಸ್ವಲ್ಪ ಡೀಪ್ ಹೋಗೋಣ. ನೀನು ಮಾತು ಬಿಟ್ಟು ಲೈಟ್ ಹಿಡಿ."

ಡ್ರಿಲ್ಲಿನ ಬಾಯಿಂದ ಬಿಳಿ ಪುಡಿ ಉದುರಿತು. ಮತ್ತೆ ಬಿಳಿ. ತ್ರೂಸ್ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಆಗ ಕಾಗದದ ಮೇಲೆ ಗುಲಾಬಿ ಬಣ್ಣದ ಪುಡಿ ಬೀಳತೊಡಗಿತು.

"ಇದು ನಮ್ಮ ಹಳೇ ಬಾವ್ಯಾಗಿನ ಸುರ್ಕಿ ಗಾರಿ ಇದ್ದಂಗ ಐತಲ್ರಿ" ಎಂದ ಸಿದ್ಧಾರೂಢ.

ನನಗೂ ಅದೇ ಹೊಳೆದಿತ್ತು. ತ್ರೂಸ್‌ಗೆ ವಿವರಿಸಿದೆ: ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದರೆ ನೀರಿಗೆ ಜಗ್ಗದ ಗಾರೆಯಾಗುತ್ತದೆ, ರೋಮನ್ನರಿಗೂ ಅದು ಗೊತ್ತಿತ್ತು. ಕೋಟೆಯ ಮೇಲಿನ ಗೋಡೆಗಳಲ್ಲಿ ನಾನು ನೋಡಿದ ಯಾವ ಗಾರೆಯಲ್ಲೂ ಇಟ್ಟಿಗೆ ಪುಡಿಯಿರಲಿಲ್ಲ. ಬಿಳಿಯದು ಕೋಟೆಯವರು ಮಾಡಿದ ದುರಸ್ತಿ.

"ಹಾಗಾದರೆ ರೋಮನ್ನರದ್ದೇ."

"ಕೋಟೆಗಿಂತ ಹಳೆಯದಿರಬೇಕು ಎನ್ನಬಲ್ಲೆ. ಗಾರೆಯೊಳಗಿನ ಈ ಇದ್ದಿಲ ಚೂರಿನ ವಯಸ್ಸು ತಿಳಿಯಲಿ. ಸ್ವಲ್ಪ ಕಾಯಿರಿ."

"ನನ್ನ ವಯಸ್ಸು ಎಂಬತ್ತೊಂದು. ಯಾರಿಗೆ ಕಾಯಲು ಹೇಳುತ್ತಿದ್ದೀಯ, ನೋಡಿಕೊಂಡು ಹೇಳು."

ಅವರು ಡಚ್‌ನಲ್ಲಿ ಅಂದದ್ದನ್ನು ಕನ್ನಡದಲ್ಲಿ ಹೇಳಿದೆ. "ಥೇಟ್ ನಮ್ಮ ಆಯಿ" ಎಂದು ಸಿದ್ಧಾರೂಢ ತನ್ನ ಅಜ್ಜಿಯನ್ನು ನೆನೆದು ನಕ್ಕ.

ಇದ್ದಿಲು ಮೂರನೆಯ ಶತಮಾನದ್ದೆಂದು ತಿಳಿದ ದಿನ ಮೊದಲು ಅವರಿಗೇ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ:

"ಬಿಳಿ ಗಾರೆಯನ್ನು ಕೆರೆದು ಹಾಕುವುದಿಲ್ಲ ತಾನೆ?"

"ಇಲ್ಲ."

"ಒಳ್ಳೆಯದು. ನನಗೆ ಅದೂ ಬೇಕು."

ಅದೇಕೆಂದು ಮುಂದಿನ ವಾರ ಶಾಲೆಯ ತಂಡ ಬಂದಾಗ ತಿಳಿಯಿತು. ಬಿಳಿ ಗಾರೆ ತಾನೇ ಉದುರಿದ್ದ ಒಂದು ಮೂಲೆಯ ಮಸಿಯನ್ನು ಸಂಘದವರು ಬ್ರಷ್ಷಿನಿಂದ ತೆಗೆದಿದ್ದರು; ಬಿಳಿಯದರ ಪಕ್ಕದಲ್ಲೇ ಒಳಗಿನ ಗುಲಾಬಿ ಗಾರೆ ಕಾಣುತ್ತಿತ್ತು. ತ್ರೂಸ್ ಒಬ್ಬ ಹುಡುಗಿಯ ಅಂಗೈಯನ್ನು ಅಲ್ಲಿ ಅಗಲಿಸಿ ಒತ್ತಿದರು. "ಹೆಬ್ಬೆರಳು ಕೋಟೆಯವರ ಹತ್ತಿರ. ಕಿರುಬೆರಳು ರೋಮನ್ನರ ಹತ್ತಿರ. ನಡುವೆ ಸಾವಿರ ವರ್ಷ. ನಿನ್ನ ಕೈ ಎಷ್ಟು ದೊಡ್ಡದು ನೋಡು."

ಸಾಲು ಸರಿಯಿತು. ಅದೇ ಹುಡುಗಿ ಮತ್ತೆ ಬಂದಳು.

"ನೀನು ಆಗಲೇ ಮುಟ್ಟಿದ್ದೀಯ."

"ಆಗ ಬಲಗೈ. ಈಗ ಎಡಗೈ."

ತ್ರೂಸ್ ಯೋಚಿಸಿದರು. "ಸರಿ, ಎಲ್ಲರೂ ಎಡಗೈ ತನ್ನಿ" ಎಂದರು. ಸಾಲು ಮತ್ತೆ ಬೆಳೆಯಿತು. ಕೊನೆಯಲ್ಲಿ ಸಿದ್ಧಾರೂಢ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ.