ಕಾಫಿ ಕೌಂಟರಿನ ಮುಂದೆ ಮಂಡಿಯೂರಿದ ಓಡಿಲಿಯಾ

ಮಾಸ್ ನದಿ ದಂಡೆಯ ನಮ್ಮ ಸಂತ ಅಮಾಂಡರ ಚರ್ಚಿನಲ್ಲಿ ಪ್ರಾರ್ಥನೆ ಹೋಗಿ ಪ್ರದರ್ಶನ ಬಂದು ಕೆಲವು ವರ್ಷವಾಯಿತು. ದಪ್ಪ ಕಂಬಗಳ ಹಳೇ ಭಾಗಕ್ಕೆ ಎಂಟುನೂರು ವರ್ಷ; ಚೂಪು ಕಮಾನಿನ ‘ಹೊಸ’ ಭಾಗಕ್ಕೆ ಬರೀ ಆರುನೂರು. ಬಲಿಪೀಠವಿದ್ದ ಜಾಗದಲ್ಲಿ ಈಗ ಕಾಫಿ ಕೌಂಟರ್. ದೇವರು ಖಾಲಿ ಮಾಡಿದ ಮನೆಯ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವವನು ನಾನು.

ಅಂದು ಸೆರ್ವಾಸನ ಪರೀಕ್ಷೆ. ಮ್ಯೂಸಿಯಂ ನಿರ್ದೇಶಕಿ ರೆನಿಲ್ಡೆ ಹಿಂದೆ ಕೈಕಟ್ಟಿ ನಿಂತಿರುವಾಗ, ಪ್ರವಾಸಿಗರಿಗೆ ಕಟ್ಟಡದ ಕಥೆ ಹೇಳಿ ಮೆಚ್ಚಿಸಿದರೆ ಅವನ ಗೈಡ್ ಕೆಲಸ ಕಾಯಂ.

ಕೌಂಟರಿನ ಮುಂದಿನ ಕಲ್ಲುಮೆಟ್ಟಿಲಲ್ಲಿ ಸಾಲಾಗಿ ಗುಳಿಗಳಿವೆ. ಪ್ರಸಾದಕ್ಕೆ ಮಂಡಿಯೂರಿ ಮಂಡಿಯೂರಿ ಜನ ಸವೆಸಿದ್ದು ಅಂತ ಊರಿಗೆಲ್ಲ ಗೊತ್ತು. ಆದರೆ ಮಂಡಿಯ ಗುರುತಿನ ಫೋಟೊ ಯಾರು ತೆಗೆಯುತ್ತಾರೆ?

“ಫ್ರೆಂಚ್ ಸೈನ್ಯ ಇಲ್ಲಿ ಕುದುರೆ ಕಟ್ಟಿತ್ತು. ಇವೆಲ್ಲ ಗೊರಸಿನ ಗುರುತು!” ಎಂದ ಸೆರ್ವಾಸ. ಕ್ಯಾಮೆರಾಗಳು ಕ್ಲಿಕ್ಕೆಂದವು. ರೆನಿಲ್ಡೆ ಮೆಚ್ಚಿ ತಲೆಯಾಡಿಸಿದಳು.

ಅಷ್ಟರಲ್ಲಿ ಅವನ ತಾಯಿ ಓಡಿಲಿಯಾ ಬಂದಳು. ಮಗನ ಪರೀಕ್ಷೆಯೆಂದು ತಟ್ಟೆಯಗಲದ ಪ್ಲಮ್ ಹಣ್ಣಿನ ಫ್ಲಾಯ್, ನಮ್ಮ ಕಡೆಯ ಹಣ್ಣು ತುಂಬಿದ ಕೇಕು, ಬೇಯಿಸಿ ತಂದಿದ್ದಳು. ಅದನ್ನು ನನ್ನ ಮೇಜಿನ ಮೇಲಿಟ್ಟು ಒಳನಡೆದಳು. ಚರ್ಚು ಮ್ಯೂಸಿಯಂ ಆದದ್ದು ಅವಳ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ನೆಟ್ಟಗೆ ಹೋಗಿ ಮೆಟ್ಟಿಲ ಮೇಲೆ ಮಂಡಿಯೂರಿ, ಕಾಫಿ ಯಂತ್ರದ ಕಡೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಗೂಡಿನಲ್ಲಿ ಮೊಟ್ಟೆ ಕೂತಂತೆ ಮಂಡಿಗಳು ಗುಳಿಯಲ್ಲಿ ಕೂತವು.

ಯಂತ್ರ ಬುಸ್ಸೆಂದು ಹಬೆ ಬಿಟ್ಟಿತು.

“ಸಕ್ಕರೆ ಎಷ್ಟು ಅಂತ ಕೇಳ್ತಾ ಇದೆ ಅಜ್ಜಿ!” ಒಬ್ಬ ಕೂಗಿದ. ಎಲ್ಲರೂ ನಕ್ಕರು.

“ಏನ್ರೀ, ಇವ್ರು ನಿಮ್ಗೆ ಗೊತ್ತಾ?” ಇನ್ನೊಬ್ಬಳು ಸೆರ್ವಾಸನನ್ನು ಕೇಳಿದಳು.

ಸೆರ್ವಾಸ ರೆನಿಲ್ಡೆಯ ಕಡೆ ನೋಡಿದ. “ಇಲ್ಲ... ಊರಿನ ಯಾರೋ ಅಜ್ಜಿ. ಪಾಪ, ತಲೆ ಅಷ್ಟಕ್ಕಷ್ಟೆ.”

ಓಡಿಲಿಯಾ ನಿಧಾನಕ್ಕೆ ಎದ್ದಳು. ಮಗನ ಮುಖ ನೋಡಿದಳು.

“ಹೌದಮ್ಮ, ಈ ಹುಡುಗ ಯಾರೋ ನಂಗೂ ಗೊತ್ತಿಲ್ಲ. ಚೆನ್ನಾಗ್ ಹೇಳ್ತಾನೆ, ಕೇಳಿ ಕೇಳಿ,” ಎಂದು ಸ್ಕರ್ಟಿನ ಧೂಳು ಕೊಡವಿದಳು. ಹೋಗುವಾಗ ಫ್ಲಾಯ್ ತೋರಿಸಿ ನನಗೆ, “ಇದನ್ನ ಆ ಗೈಡಿಗೆ ಕೊಟ್ಬಿಡಪ್ಪ,” ಎಂದಳು. ನಲವತ್ತು ವರ್ಷದ ನೆರೆಯವನು ನಾನು. ತಲೆತಗ್ಗಿಸಿ ಟಿಕೆಟ್ ಎಣಿಸತೊಡಗಿದೆ.

ಪ್ರವಾಸಿಗರು ಹೋದ ಮೇಲೆ ರೆನಿಲ್ಡೆ ಫ್ಲಾಯ್ ಮುರಿದು ಬಾಯಿಗೆ ಹಾಕಿಕೊಂಡಳು. “ಕೆಲಸ ನಿಂದೇ ಕಣೋ ಸೆರ್ವಾಸ್. ಆಹಾ, ಇದ್ಯಾರು ಮಾಡಿದ್ದು?”

ಸೆರ್ವಾಸನ ಕಿವಿ ಪ್ಲಮ್ ಬಣ್ಣಕ್ಕೆ ತಿರುಗಿತು. “ನಮ್ಮಮ್ಮ. ಆಗ ಮಂಡಿಯೂರಿದ್ರಲ್ಲ... ಅವ್ರೇ.”

ರೆನಿಲ್ಡೆ ಅಗಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿ ಉಳಿದಿದ್ದ ತುಂಡನ್ನು ಮೆಲ್ಲನೆ ವಾಪಸ್ ಇಟ್ಟಳು. ಬೈದಿದ್ದರೆ ವಾಸಿಯಿತ್ತು.

ಸೆರ್ವಾಸ ಹೊರಗೋಡಿದ. ಬಾಗಿಲೆದುರೇ ಬಸ್ ಸ್ಟಾಪು. ಓಡಿಲಿಯಾ ಅಲ್ಲೇ ಕೂತಿದ್ದಳು. ಮಗ ಬರುವುದನ್ನು ಕಂಡದ್ದೇ ಗಾಬರಿಯಿಂದ ಎದ್ದು ಆಚೀಚೆ ನೋಡಿದಳು.

“ಒಳಗೆ ಹೋಗೋ ದಡ್ಡ! ನನ್ ಜೊತೆ ನಿಂತಿರೋದನ್ನ ಅವ್ರು ನೋಡ್ಬಿಟ್ರೆ?”