ಎರಡನೇ ತಿರುವಿನಲ್ಲಿ ಮಲ್ಲಿಕಾ

ತಾಯಿ ಅಂದರೆ ಹೀಗಿರಬೇಕು ಎಂದು ಕಮಲಾಪುರದ ಆ ಓಣಿಯ ಹೆಂಗಸರೆಲ್ಲ ಶಾರದಾಬಾಯಿಯನ್ನು ಹೊಗಳುತ್ತಿದ್ದರು. ಅವಳ ಮಗಳು ಮಲ್ಲಿಕಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಪ್ಪ ಅಣವೀರಪ್ಪ ಹಟ ಹಿಡಿದು ಕಲಬುರಗಿಯ ಹಾಸ್ಟೆಲಿನಲ್ಲಿಟ್ಟು ಹತ್ತನೇ ತರಗತಿಯವರೆಗೆ ಓದಿಸಿದ್ದ. ಅಲ್ಲಿ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ ಹುಡುಗಿಗೆ ಮನೆಗೆ ಬಂದ ಮೇಲೆ ತಾಯಿಯೇ ಜಡೆ ಹೆಣೆಯುವಳು, ತಾಯಿಯೇ ರೊಟ್ಟಿ ಮುರಿದು ತಾಟಿಗೆ ಹಾಕುವಳು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಸಂತೆಗೆ ಕರೆದೊಯ್ಯುತ್ತಿರಲಿಲ್ಲ.

"ನೀ ಸುಮ್ನ ಕುಂದ್ರವ್ವಾ, ನಾ ಅದೀನಲ್ಲ" ಎಂಬ ಮಾತು ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು.

ಮಲ್ಲಿಕಾ ಕುಳಿತಿರುತ್ತಿದ್ದಳು. ಗಾಳಿ ಬೀಸಿದಾಗ ಹಿತ್ತಲಿನಾಚೆಯ ಕೆಂಪು ಬಾಳೆಯ ತೋಟ ಸರಸರ ಸದ್ದು ಮಾಡುತ್ತಿತ್ತು. ಆಗ ಅವಳ ಪಾದಗಳು ಕುಳಿತಲ್ಲೇ ಅಲುಗುತ್ತಿದ್ದವು. ನಿದ್ದೆಯಲ್ಲೂ ಹಾಗೆಯೇ.

"ಕನಸಿನ್ಯಾಗ ಎಲ್ಲಿಗಿ ಹೊಂಟಿದ್ದಿ?" ಎಂದು ಒಂದು ಮುಂಜಾನೆ ತಾಯಿ ಕೇಳಿದಳು.

"ಎಲ್ಲಿಗೂ ಇಲ್ಲ ಯವ್ವಾ. ಸುಮ್ನ ಓಡಾಕತ್ತಿದ್ದೆ. ಗಾಳಿ ಮಾರಿಗಿ ಬಡಿಯಾಕತ್ತಿತ್ತು."

ಪಾಪ, ಆಗದ ಆಸೆ ಅಂದುಕೊಂಡಳು ಶಾರದಾಬಾಯಿ.

ಅದೇ ವಾರ ಕೌಸರ್ ಬಂದಳು. ವಿಕಲಚೇತನರ ಮನೆಗಳಿಗೆ ಹೋಗಿ ಪಿಂಚಣಿ, ಸೌಲಭ್ಯಗಳ ವಿಚಾರ ತಿಳಿಸುವ ಕಾರ್ಯಕರ್ತೆ ಅವಳು.

"ಶಾರದಕ್ಕಾ, ಮುಂದ ಮೂರು ತಿಂಗಳಿಗಿ ಕಲಬುರಗ್ಯಾಗ ವಿಕಲಚೇತನರ ಕ್ರೀಡಾಕೂಟ ಐತಿ. ಓಟಕ್ಕ ಮಲ್ಲಿಕಾನ ಹೆಸರು ಬರೀಲೇನ್ರಿ?"

"ಕಣ್ಣು ಕಾಣ್ಲಾರ್ದಕಿ ಓಡೋದು ಹೆಂಗ ಕೌಸರವ್ವಾ? ಬಿದ್ದು ಹಲ್ಲು ಮುರಕೊಂಡ್ರ?"

"ಒಬ್ಬಾಕಿನ್ನ ಬಿಡಂಗಿಲ್ರಿ. ಬಾಜೂಕ ಕಣ್ಣು ಕಾಣೋ ಹುಡುಗಿ ಓಡ್ತಾಳ. ಇಬ್ಬರ ಕೈಗೂ ಒಂದು ಸಣ್ಣ ಹಗ್ಗ ಇರ್ತದ. ಅಕಿ ದಾರಿ ಹೇಳ್ತಾಳ ಅಷ್ಟೇ, ಎಳೆಯಂಗಿಲ್ಲ. ಓಡೋಕಿ ಮಲ್ಲಿಕಾನೇ."

"ಮಂದಿ ನಗ್ತಾರವ್ವಾ."

"ಮಂದಿ ಮಾತು ಬಿಡ್ರಿ. ನಿನಗ ಏನು ಬೇಕು ಅಂತ ಈ ಹುಡುಗಿಗಿ ನೀವು ಎಂದರ ಕೇಳೀರೇನು?"

ಒಳಗಿನಿಂದ ಮಲ್ಲಿಕಾಳ ದನಿ ಕೇಳಿತು: "ಬರೀರಿ ಕೌಸರಕ್ಕಾ. ನಾ ಓಡ್ತೀನಿ."

ಕಲಬುರಗಿಯ ಬ್ರಹ್ಮಪುರದ ಮೃದುಲಾ ಎಂಬ ಕಾಲೇಜು ಹುಡುಗಿ ಜೊತೆಗೆ ಓಡಲು ಒಪ್ಪಿದಳು. ಪ್ರತಿ ಶನಿವಾರ ಸಂಜೆ ಬಸ್ಸಿಗೆ ಬಂದು ಕೌಸರಳ ಮನೆಯಲ್ಲಿ ಉಳಿಯುತ್ತಿದ್ದಳು. ಅಣವೀರಪ್ಪ ತಮ್ಮ ಬಾಳೆತೋಟದ ದಾರಿಯ ಕಲ್ಲು ಆರಿಸಿ ತೆಗೆದ. ಭಾನುವಾರ ಬೆಳಗಿನ ಮಂಜಿನಲ್ಲಿ ಇಬ್ಬರೂ ಓಡುತ್ತಿದ್ದರು. ಮೊದಲ ವಾರ ಮಲ್ಲಿಕಾ ಬಿದ್ದು ಮೊಣಕಾಲು ತರಚಿಕೊಂಡಳು. ಶಾರದಾಬಾಯಿ ಅರಿಷಿಣದ ಬಟ್ಟಲು ಹಿಡಿದು ಓಡಿ ಬರುವಷ್ಟರಲ್ಲಿ ಮಗಳು ಎದ್ದು ಮಂಜಿನೊಳಗೆ ಕರಗಿಹೋಗಿದ್ದಳು. ನಾಲ್ಕು ಕಾಲುಗಳ ಸಪ್ಪಳ ಮಾತ್ರ ಬಾಳೆಗಿಡಗಳ ನಡುವೆ ದೂರ ದೂರ ಸಾಗುತ್ತಿತ್ತು. ಆಮೇಲೆ ಕೇಳಿದ್ದು ಮಲ್ಲಿಕಾಳ ನಗು. ಅಂಥ ನಗುವನ್ನು ಶಾರದಾಬಾಯಿ ಮನೆಯೊಳಗೆ ಎಂದೂ ಕೇಳಿರಲಿಲ್ಲ. ಬಟ್ಟಲು ಹಿಡಿದು ಅಲ್ಲೇ ನಿಂತುಬಿಟ್ಟಳು.

ಕ್ರೀಡಾಕೂಟದ ದಿನ ಬಂತು. ನಾನೂರು ಮೀಟರ್ ಓಟ, ನಾಲ್ವರು ಹುಡುಗಿಯರು, ಪ್ರತಿಯೊಬ್ಬರ ಪಕ್ಕದಲ್ಲಿ ಒಬ್ಬ ಜೊತೆಗಾರ್ತಿ. ಸೀಟಿ ಊದಿದ್ದೇ ತಡ, ಶಾರದಾಬಾಯಿಗೆ ಸುತ್ತಲಿನ ಗದ್ದಲವೆಲ್ಲ ನೀರಿನೊಳಗಿಂದ ಕೇಳಿದಂತಾಯಿತು. ಮಗಳ ಜಡೆಯೊಂದೇ ಕಾಣುತ್ತಿತ್ತು, ಹಾರುತ್ತಿತ್ತು. ಮೊದಲ ತಿರುವು ದಾಟಿದಾಗ ಮಲ್ಲಿಕಾ ಎರಡನೆಯವಳು! ಎರಡನೇ ತಿರುವಿನಲ್ಲಿ ಅದೇನಾಯಿತೋ, ಹೆಜ್ಜೆ ಸಣ್ಣದಾಯಿತು. ಒಬ್ಬಳು ಮುಂದೆ ಹೋದಳು, ಇನ್ನೊಬ್ಬಳೂ ಹೋದಳು. ಮಲ್ಲಿಕಾ ಕೊನೆಯವಳಾಗಿ ಗೆರೆ ಮುಟ್ಟಿದಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವೇದಿಕೆಯಿಂದ ಹಿರಿಯರೊಬ್ಬರು ಶಾಲು ಹಿಡಿದು ಇಳಿದು ಬಂದು, ಗೆರೆಯ ಬಳಿ ಮಗಳ ಪಕ್ಕ ನಿಂತಿದ್ದ ಶಾರದಾಬಾಯಿಗೆ ಹೇಳಿದರು: "ಪಾಪ, ಕಣ್ಣಿಲ್ದಿದ್ರೂ ಓಡ್ಯಾಳ. ಇಷ್ಟೇ ದೊಡ್ಡದು. ನಿಮ್ಮ ಮಗಳಿಗಿ ಸನ್ಮಾನ ಮಾಡ್ತೀನ್ರಿ."

ಏದುಸಿರು ಬಿಡುತ್ತಲೇ ಮಲ್ಲಿಕಾ ಅವರ ದನಿಯ ಕಡೆ ತಿರುಗಿದಳು. "ಬ್ಯಾಡ್ರಿ ಸರ್. ನಾ ಸೋತೀನಿ. ಶಾಲು ಗೆದ್ದಾಕಿಗಿ ಹೊಚ್ಚರಿ."

"ಹಂಗಲ್ಲ ತಂಗಿ..."

"ನಾ ಇವತ್ತ ಛಲೋ ಓಡಲಿಲ್ರಿ. ಎಲ್ಲರಿಗೂ ಹೇಳ್ದಂಗ ನನಗೂ ಅದನ್ನ ನೆಟ್ಟಗ ಹೇಳ್ರಿ, ಸಾಕು."

ಹಿರಿಯರು ಶಾಲು ಮಡಚಿಕೊಂಡರು. "ಖರೆ ತಂಗಿ. ತಪ್ಪಾತು" ಎಂದು ಗೆದ್ದವಳ ಕಡೆ ನಡೆದರು.

ಹೆದರಿದ್ದು ಶಾರದಾಬಾಯಿ. ದೊಡ್ಡವರಿಗೆ ಎದುರು ಮಾತಾಡಿದಳಲ್ಲ ಎಂದು. ಆದರೆ ಕಮಲಾಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಾಗ ಆ ಹೆದರಿಕೆ ಕೂಡ ಹಿಂದೆ ಉಳಿಯಿತು. ಹೊರಗೆ ತೊಗರಿ ಹೊಲಗಳ ಮೇಲೆ ಸಂಜೆಯ ಬೆಳಕು ಹರಡಿತ್ತು. ಹದಿನೇಳು ವರ್ಷ ಮಗಳನ್ನು ಜೋಪಾನ ಮಾಡಿದೆ, ಆದರೆ ಇವಳು ಎಂಥವಳು ಎಂದು ತಿರುಗಿ ನೋಡಲೇ ಇಲ್ಲವಲ್ಲ ಎನ್ನಿಸಿತು. ಮಗಳ ಕಡೆ ತಿರುಗಿ ಕೇಳಿದಳು:

"ಎರಡನೇ ತಿರುವಿನ್ಯಾಗ ಹೆಜ್ಜಿ ಯಾಕ ಸಣ್ಣ ಮಾಡಿದಿ?"

"ದಮ್ಮು ಹತ್ತಿತ್ತು ಯವ್ವಾ."

"ಹತ್ತಲಾರದ ಏನು ಮಾಡ್ತದ? ಮೊದಲನೇ ತಿರುವಿನ್ಯಾಗೇ ಜೀವ ಒಗೆದಂಗ ಓಡಿದಿ. ಸ್ವಲ್ಪ ಉಳಿಸ್ಕೋಬೇಕು. ಬುದ್ಧಿ ಬ್ಯಾಡ?"

ಮಲ್ಲಿಕಾ ಗಟ್ಟಿಯಾಗಿ ನಕ್ಕಳು. ತಾಯಿ ತನ್ನನ್ನು ಬೈದದ್ದು ಅದೇ ಮೊದಲು.

ಮುಂದಿನ ಸಂತೆಗೆ ಮಲ್ಲಿಕಾ ತಾನೇ ಜಡೆ ಹೆಣೆದುಕೊಂಡು ಬಂದು ಕೆಂಪು ಬಾಳೆಯ ಬುಟ್ಟಿಯ ಮುಂದೆ ಕುಳಿತಳು. ಗಿರಾಕಿಯೊಬ್ಬ ಶಾರದಾಬಾಯಿಯ ಕಡೆ ನೋಡಿ, "ಹಣ್ಣಾಗಿದ್ದು ಯಾವ್ದು, ಕಾಯಿ ಯಾವ್ದು, ಈಕಿಗಿ ಹೆಂಗ ತಿಳೀತದ?" ಎಂದ.

"ಅಕಿ ನಿಮ್ಮ ಮುಂದೇ ಕುಂತಾಳಲ್ರಿ. ಅಕಿಗೇ ಕೇಳ್ರಿ" ಎಂದಳು ಶಾರದಾಬಾಯಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಒಬ್ಬ ಮಲ್ಲಿಕಾ ಇರಬಹುದು. ಕಣ್ಣು ಕಾಣದವಳು, ಕಾಲು ಸಾಗದವನು, ಕಿವಿ ಕೇಳದವರು. ಅವರ ಜೊತೆಗೆ ಬಂದವರನ್ನಲ್ಲ, ಅವರನ್ನೇ ಮಾತನಾಡಿಸಿ. ಆಟವಿರಲಿ, ಕೆಲಸವಿರಲಿ, ಎಲ್ಲರಿಗೂ ಕೊಡುವ ಅವಕಾಶವನ್ನು ಅವರಿಗೂ ಕೊಡಿ. ಗೆದ್ದರೆ ಹೊಗಳಿ, ತಪ್ಪಿದರೆ ತಪ್ಪನ್ನೂ ಹೇಳಿ. ಕನಿಕರದ ಶಾಲು ಬೇಡ. ನಿಮ್ಮ ಮನೆಯಲ್ಲೇ ಅಂಥ ಮಗು ಇದ್ದರೆ, ನಿನಗೆ ಏನು ಬೇಕು ಎಂದು ಇವತ್ತೇ ಕೇಳಿ.